ಎರಡು ಟೇಪು, ಒಂದು ರಾಜೀನಾಮೆ: ನಿಕ್ಸನ್ ಪ್ರಕರಣವನ್ನು ಸಾಕ್ಷ್ಯದ ಕಡೆಯಿಂದ ನೋಡಿದಾಗ

1972ರ ಜೂನ್ 17, ಶನಿವಾರ. ಬೆಳಗಾಗಲು ಇನ್ನೂ ಬಹಳ ಹೊತ್ತಿತ್ತು. ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ರಾತ್ರಿಪಾಳಿಯ ಕಾವಲುಗಾರ ಫ್ರಾಂಕ್ ವಿಲ್ಸ್ ಸುತ್ತು ಹೊಡೆಯುತ್ತಿದ್ದಾಗ, ನೆಲಮಾಳಿಗೆಯ ಗ್ಯಾರೇಜಿನ ಬಾಗಿಲಲ್ಲಿ ಬೀಗದ ನಾಲಿಗೆಗೆ ಟೇಪು ಅಂಟಿಸಿದ್ದು ಕಣ್ಣಿಗೆ ಬಿತ್ತು. ಹಗಲು ಕೆಲಸದವರು ಸಾಮಾನು ಸಾಗಿಸಲು ಮಾಡಿಕೊಂಡ ಉಪಾಯವಿರಬೇಕೆಂದು ಕಿತ್ತು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ಅದೇ ಬಾಗಿಲು, ಅದೇ ಜಾಗ, ಹೊಸ ಟೇಪು. ಗಂಟೆ 1:47ಕ್ಕೆ ಪೊಲೀಸರಿಗೆ ಫೋನ್ ಹೋಯಿತು.

ಟೇಪನ್ನು ಬಾಗಿಲ ಅಂಚಿನ ಉದ್ದಕ್ಕೆ ಅಂಟಿಸಿದ್ದರೆ, ಬಾಗಿಲು ಮುಚ್ಚಿದಾಗ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಅಡ್ಡಡ್ಡ ಅಂಟಿಸಿದ್ದರಿಂದ ಅದರ ತುದಿ ಹೊರಗೆ ಇಣುಕುತ್ತಿತ್ತು. ಮೊದಲ ಟೇಪು ಯಾರೋ ಕಿತ್ತಿದ್ದಾರೆಂದು ಗೊತ್ತಾದ ಮೇಲೂ ಒಳಹೊಕ್ಕಿದ್ದು ಎರಡನೇ ತಪ್ಪು. ಎದುರಿನ ಮೋಟೆಲಿನಲ್ಲಿ ಕಾವಲಿಗೆ ಕೂರಿಸಿದ್ದವನಿಗೆ ಅಪಾಯ ತಡವಾಗಿ ಹೊಳೆಯಿತು. ಕಾರಣ, ಕರೆಗೆ ಓಗೊಟ್ಟು ಬಂದ ಮೂವರು ಪೊಲೀಸರು ಸಮವಸ್ತ್ರದಲ್ಲಿರಲಿಲ್ಲ. ಅವರ ಕಾರಿನ ಮೇಲೆ ಪೊಲೀಸ್ ಗುರುತೂ ಇರಲಿಲ್ಲ. ಆರನೇ ಮಹಡಿಯಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಕಚೇರಿಯಲ್ಲಿ ಐವರು ಸಿಕ್ಕಿಬಿದ್ದರು. ಅವರ ಬಳಿ ಕ್ಯಾಮರಾ, ಫಿಲ್ಮ್ ರೋಲು, ವಾಕಿಟಾಕಿ, ಕದ್ದಾಲಿಕೆಯ ಉಪಕರಣ, ಜೊತೆಗೆ ನೂರು ಡಾಲರಿನ ಸಾಲುಸಂಖ್ಯೆಯ ಹೊಸ ನೋಟುಗಳಿದ್ದವು. ಇದು ಅವರ ಮೊದಲ ಭೇಟಿಯೂ ಅಲ್ಲ. ಮೇ ಕೊನೆಯಲ್ಲೇ ಒಮ್ಮೆ ಹೊಕ್ಕು ಫೋನುಗಳಿಗೆ ಕದ್ದಾಲಿಕೆ ಯಂತ್ರ ಕೂರಿಸಿದ್ದರು. ಒಂದು ಸರಿಯಾಗಿ ಕೆಲಸ ಮಾಡಲಿಲ್ಲ ಎಂದು ಮತ್ತೆ ಬಂದಿದ್ದರು.

ಕಳ್ಳತನದ ಲೆಕ್ಕದಲ್ಲಿ ಇದು ಅಷ್ಟೇ. ಅಲ್ಲಿಂದ 1974ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ರಾಜೀನಾಮೆ ಕೊಡುವ ತನಕ 26 ತಿಂಗಳು ಹಿಡಿಯಿತು. ನಡುವೆ ಅವರು ಒಂದು ಚುನಾವಣೆಯನ್ನೂ ಗೆದ್ದರು, ಅದೂ 50ರಲ್ಲಿ 49 ರಾಜ್ಯಗಳನ್ನು ಬಾಚಿಕೊಂಡು. ಹಗರಣದ ಕತೆ ಹೇಳುವವರು ಸಾಮಾನ್ಯವಾಗಿ ಪತ್ರಕರ್ತರ ಸಾಹಸಕ್ಕೆ ಹೆಚ್ಚು ಜಾಗ ಕೊಡುತ್ತಾರೆ. ಪತ್ರಿಕೆಗಳ ಪಾಲು ದೊಡ್ಡದೇ. ಆದರೆ ಅಧ್ಯಕ್ಷರನ್ನು ಇಳಿಸಿದ್ದು ಸಾಕ್ಷ್ಯ. ಆ ಸಾಕ್ಷ್ಯವನ್ನು ತಯಾರಿಸಿ, ಕಪಾಟಿನಲ್ಲಿ ಜೋಡಿಸಿ, ದಿನಾಂಕ ಬರೆದು ಇಟ್ಟಿದ್ದು ಅಧ್ಯಕ್ಷರದೇ ಮನೆ.

ದುಡ್ಡಿನ ಜಾಡು

ಸಿಕ್ಕಿಬಿದ್ದವರಲ್ಲಿ ಒಬ್ಬರಾದ ಜೇಮ್ಸ್ ಮೆಕಾರ್ಡ್ ನಿಕ್ಸನ್ ಮರುಚುನಾವಣಾ ಸಮಿತಿಯ ಭದ್ರತಾ ಮುಖ್ಯಸ್ಥರಾಗಿದ್ದರು. ಇದು ಒಂದೆರಡು ದಿನದಲ್ಲೇ ಬಯಲಾಯಿತು. ಆದರೂ ‘ಅವನು ತನ್ನಷ್ಟಕ್ಕೆ ಮಾಡಿದ್ದು’ ಎಂದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲು ಬಿಡದಿದ್ದದ್ದು ಜೇಬಿನಲ್ಲಿದ್ದ ನೋಟು.

ಚುನಾವಣಾ ದೇಣಿಗೆ ಕೊಟ್ಟವರ ಹೆಸರು ಬಹಿರಂಗಪಡಿಸಬೇಕೆಂಬ ಹೊಸ ಕಾಯ್ದೆ 1972ರ ಏಪ್ರಿಲ್ 7ರಂದು ಜಾರಿಗೆ ಬರುವುದಿತ್ತು. ಅದಕ್ಕೂ ಮುಂಚೆ ಹೆಸರಿಲ್ಲದ ದುಡ್ಡನ್ನು ಬಾಚಿಕೊಳ್ಳುವ ಆತುರದಲ್ಲಿ ಸಮಿತಿಗೆ ಹರಿದು ಬಂದ ಹಣದಲ್ಲಿ 25,000 ಡಾಲರಿನ ಒಂದು ಚೆಕ್ಕು, ಮೆಕ್ಸಿಕೋ ಮೂಲಕ ಸುತ್ತಿಬಂದ ಒಟ್ಟು 89,000 ಡಾಲರಿನ ನಾಲ್ಕು ಚೆಕ್ಕುಗಳಿದ್ದವು. ನೇರವಾಗಿ ನಗದು ಮಾಡಿದರೆ ದೇಣಿಗೆದಾರರ ಗುರುತು ಹತ್ತುತ್ತದೆ ಎಂದು, ಸಮಿತಿಯ ಗಾರ್ಡನ್ ಲಿಡ್ಡಿ ಆ 1,14,000 ಡಾಲರನ್ನು ಬರ್ನಾರ್ಡ್ ಬಾರ್ಕರ್ ಅವರ ಮಯಾಮಿ ಬ್ಯಾಂಕ್ ಖಾತೆಯ ಮೂಲಕ ದಾಟಿಸಿದರು. ಬಾರ್ಕರ್ ಅಲ್ಲಿ ನೂರರ ನೋಟುಗಳಾಗಿ ತೆಗೆದರು. ಅದೇ ಬಾರ್ಕರ್ ಜೂನ್ 17ರ ರಾತ್ರಿ ಸಿಕ್ಕಿಬಿದ್ದ ಐವರಲ್ಲಿ ಒಬ್ಬರು! ದೇಣಿಗೆಯ ಗುಟ್ಟು ಕಾಯಲು ಬಳಸಿದ ಖಾತೆಯವನನ್ನೇ ಕಳ್ಳತನಕ್ಕೂ ಕಳಿಸಿದ್ದರು. ಹೊಸ ನೋಟಿನ ಸಂಖ್ಯೆ ಹಿಡಿದು ಬ್ಯಾಂಕಿಗೆ, ಬ್ಯಾಂಕಿನಿಂದ ಚೆಕ್ಕಿಗೆ, ಚೆಕ್ಕಿನಿಂದ ಸಮಿತಿಗೆ ಹೋಗಲು ಎಫ್‌ಬಿಐಗೆ ಹೆಚ್ಚು ದಿನ ಬೇಕಿರಲಿಲ್ಲ.

ಜೂನ್ 23ರ ಬೆಳಗ್ಗೆ ಓವಲ್ ಕಚೇರಿಯಲ್ಲಿ ನಡೆದ ಮಾತುಕತೆ ಈ ಹಿನ್ನೆಲೆಯದು. ಶ್ವೇತಭವನದ ಸಿಬ್ಬಂದಿ ಮುಖ್ಯಸ್ಥ ಎಚ್.ಆರ್. ಹಾಲ್ಡಮನ್, ತನಿಖೆ ದುಡ್ಡಿನ ಮೂಲದತ್ತ ಹೊರಟಿದೆ ಎಂದು ನಿಕ್ಸನ್‌ಗೆ ಹೇಳಿದರು. ಉಪಾಯವನ್ನೂ ಮುಂದಿಟ್ಟರು. ಸಿಐಎ ಉಪಮುಖ್ಯಸ್ಥ ವರ್ನನ್ ವಾಲ್ಟರ್ಸ್ ಅವರಿಂದ ಎಫ್‌ಬಿಐನ ಹಂಗಾಮಿ ಮುಖ್ಯಸ್ಥ ಪ್ಯಾಟ್ರಿಕ್ ಗ್ರೇಗೆ ಮಾತು ಹೋಗಬೇಕು, ಇದು ದೇಶದ ಗುಪ್ತಚರ ವಿಷಯ, ದೂರವಿರಿ ಎನ್ನಬೇಕು. ನಿಕ್ಸನ್ ಒಪ್ಪಿದರು. ಹೇಗೆ ಹೇಳಬೇಕೆಂಬುದನ್ನೂ ಹೇಳಿಕೊಟ್ಟರು. ಕಳ್ಳತನ ನಡೆದು ಆರೇ ದಿನವಾಗಿತ್ತು.

ಉಪಾಯ ಫಲ ಕೊಟ್ಟಿದ್ದು ಸುಮಾರು ಎರಡು ವಾರ ಮಾತ್ರ. ದೇಶದ ಭದ್ರತೆಗೆ ಧಕ್ಕೆ ಎಂದು ಬರವಣಿಗೆಯಲ್ಲಿ ಕೊಡಿ ಎಂಬ ಮಾತು ಬಂದಾಗ ಸಿಐಎ ಹಿಂದೆ ಸರಿಯಿತು; ತನಿಖೆ ಮುಂದುವರಿಯಿತು. ಲಾಭ ಎರಡು ವಾರದ್ದು, ದಾಖಲೆ ಶಾಶ್ವತ. ನ್ಯಾಯಕ್ಕೆ ಅಡ್ಡಿ ಎಂಬ ಅಪರಾಧಕ್ಕೆ ಅಡ್ಡಿ ಯಶಸ್ವಿಯಾಗಿರಬೇಕೆಂದೇನೂ ಇಲ್ಲ. ಈ ಸಣ್ಣ ಅಂಶವನ್ನು ಮರೆತರೆ ಮುಂದಿನ ಎರಡು ವರ್ಷದ ಹಣಾಹಣಿ ಅರ್ಥವಾಗುವುದಿಲ್ಲ.

ಬಾಯಿ ಮುಚ್ಚಿಸುವ ಖರ್ಚು

ಸಿಕ್ಕಿಬಿದ್ದವರಿಗೂ ಅವರನ್ನು ಕಳಿಸಿದ ಲಿಡ್ಡಿ ಮತ್ತು ಹೊವರ್ಡ್ ಹಂಟ್‌ಗೂ ವಕೀಲರ ಶುಲ್ಕ, ಮನೆ ಖರ್ಚು ಬೇಕಿತ್ತು. ಬಾಯಿ ಬಿಡದಿರಲು ಬೆಲೆ ಬೇಕಿತ್ತು ಎನ್ನುವುದು ನೇರವಾದ ಮಾತು. ನಿಕ್ಸನ್ ಅವರ ಖಾಸಗಿ ವಕೀಲ ಹರ್ಬರ್ಟ್ ಕಾಂಬಾಕ್ ದುಡ್ಡು ಒಟ್ಟುಮಾಡಿದರು. ನ್ಯೂಯಾರ್ಕಿನ ನಿವೃತ್ತ ಪೊಲೀಸ್ ಟೋನಿ ಉಲಸೆವಿಚ್ ಹಂಚುತ್ತಿದ್ದರು. ವಿಮಾನ ನಿಲ್ದಾಣದ ಲಾಕರಿನಲ್ಲಿ ಕವರು ಇಡುವುದು, ದೂರದಿಂದ ನೋಡುತ್ತ ನಿಲ್ಲುವುದು, ಬಂದವರು ಎತ್ತಿಕೊಂಡ ಮೇಲೆ ಹೊರಡುವುದು. ಎಲ್ಲ ಮಾತೂ ಸಾರ್ವಜನಿಕ ಫೋನಿನಲ್ಲಿ. ಜೇಬಿನ ಚಿಲ್ಲರೆ ಸಾಲದೆ, ಬಸ್ ಕಂಡಕ್ಟರುಗಳು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಲ್ಲರೆ ಯಂತ್ರವನ್ನೇ ಕೊಂಡುಕೊಂಡಿದ್ದಾಗಿ ಅವರು ಸೆನೆಟ್ ಸಮಿತಿಯ ಮುಂದೆ ಹೇಳಿದಾಗ ಸಭೆ ನಕ್ಕಿತು. ಒಟ್ಟು ಹಂಚಿಕೆ 4 ಲಕ್ಷ ಡಾಲರು ದಾಟಿತ್ತು.

ಇಂಥ ದುಡ್ಡಿನ ತೊಂದರೆ ಏನೆಂದರೆ ಕೊನೆಯ ಕಂತು ಎಂಬುದಿರುವುದಿಲ್ಲ. 1973ರ ಮಾರ್ಚ್ ಹೊತ್ತಿಗೆ ಹಂಟ್ ಮತ್ತೆ ಸುಮಾರು 1,20,000 ಡಾಲರ್ ಕೇಳಿದರು. ಮಾರ್ಚ್ 21ರಂದು ಶ್ವೇತಭವನದ ವಕೀಲ ಜಾನ್ ಡೀನ್ ಅಧ್ಯಕ್ಷರ ಮುಂದೆ ಕುಳಿತು ಎಲ್ಲವನ್ನೂ ಬಿಡಿಸಿಟ್ಟರು: ಅಧ್ಯಕ್ಷ ಪದವಿಗೆ ಒಳಗೊಳಗೇ ಕ್ಯಾನ್ಸರ್ ಹಿಡಿದಿದೆ, ದಿನೇದಿನೇ ಬೆಳೆಯುತ್ತಿದೆ, ಇವರ ಬಾಯಿ ಮುಚ್ಚಿಸಲು ಮುಂದಿನ ಎರಡು ವರ್ಷದಲ್ಲಿ ಹತ್ತು ಲಕ್ಷ ಡಾಲರ್ ಬೇಕಾದೀತು. ಅಷ್ಟು ದುಡ್ಡು ಹೊಂದಿಸಬಹುದು, ನಗದಾಗಿಯೇ ಸಿಗುತ್ತದೆ ಎಂದು ನಿಕ್ಸನ್ ಉತ್ತರಿಸಿದರು. ಅದೇ ರಾತ್ರಿ ಹಂಟ್ ಕಡೆಗೆ 75,000 ಡಾಲರ್ ಹೋಯಿತು.

ಎರಡು ದಿನದ ನಂತರ, ಮಾರ್ಚ್ 23ರಂದು, ಕಳ್ಳತನದ ಮೊಕದ್ದಮೆಯ ನ್ಯಾಯಾಧೀಶ ಜಾನ್ ಸಿರಿಕಾ ತೆರೆದ ನ್ಯಾಯಾಲಯದಲ್ಲಿ ಮೆಕಾರ್ಡ್ ಬರೆದ ಪತ್ರ ಓದಿದರು. ತಪ್ಪೊಪ್ಪಿಕೊಂಡು ಸುಮ್ಮನಿರುವಂತೆ ಆರೋಪಿಗಳ ಮೇಲೆ ಒತ್ತಡವಿತ್ತು, ವಿಚಾರಣೆಯಲ್ಲಿ ಸುಳ್ಳುಸಾಕ್ಷಿ ನಡೆದಿದೆ ಎಂಬುದು ಅದರ ಸಾರ. ಕಟ್ಟೆ ಒಡೆಯಿತು. ಏಪ್ರಿಲ್ 30ಕ್ಕೆ ಹಾಲ್ಡಮನ್, ಆಂತರಿಕ ವ್ಯವಹಾರದ ಸಲಹೆಗಾರ ಜಾನ್ ಅರ್ಲಿಕ್‌ಮನ್, ನ್ಯಾಯ ಇಲಾಖೆಯ ಮುಖ್ಯಸ್ಥ, ಅಂದರೆ ಅಟಾರ್ನಿ ಜನರಲ್, ಕ್ಲೈನ್‌ಡೀನ್ಸ್ಟ್ ರಾಜೀನಾಮೆ ಕೊಟ್ಟರು; ಡೀನ್ ವಜಾ ಆದರು. ಮೇ ತಿಂಗಳಲ್ಲಿ ಸ್ಯಾಮ್ ಅರ್ವಿನ್ ನೇತೃತ್ವದ ಸೆನೆಟ್ ಸಮಿತಿ ಟಿ.ವಿ. ಕ್ಯಾಮರಾಗಳ ಮುಂದೆ ವಿಚಾರಣೆ ಆರಂಭಿಸಿತು. ಆರ್ಚಿಬಾಲ್ಡ್ ಕಾಕ್ಸ್ ವಿಶೇಷ ಪ್ರಾಸಿಕ್ಯೂಟರ್ ಆಗಿ ನೇಮಕಗೊಂಡರು.

ಜೂನ್ ಕೊನೆಯಲ್ಲಿ ಡೀನ್ 245 ಪುಟದ ಹೇಳಿಕೆ ಓದಿದರು. ಅಧ್ಯಕ್ಷರಿಗೆ ಎಲ್ಲ ಗೊತ್ತಿತ್ತು ಎಂದರು. ಅಧ್ಯಕ್ಷರು ಇಲ್ಲ ಎಂದರು. ಕೆಲಸ ಕಳೆದುಕೊಂಡ, ತಾನೇ ಅಪರಾಧದಲ್ಲಿ ಭಾಗಿಯಾದ ಮೂವತ್ತನಾಲ್ಕು ವರ್ಷದ ವಕೀಲನ ಮಾತು ಒಂದು ಕಡೆ, 49 ರಾಜ್ಯ ಗೆದ್ದ ಅಧ್ಯಕ್ಷರ ಮಾತು ಇನ್ನೊಂದು ಕಡೆ. ಪ್ರಕರಣ ಇಲ್ಲೇ ನಿಂತುಬಿಡುವುದಿತ್ತು.

ಗುಂಡಿಯಿಲ್ಲದ ಯಂತ್ರ

ಹಿಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಕೂಡ ಮಾತು ಮುದ್ರಿಸುತ್ತಿದ್ದರು. ಬೇಕಾದಾಗ ಗುಂಡಿ ಒತ್ತಿ. ನಿಕ್ಸನ್ ಅಧಿಕಾರಕ್ಕೆ ಬಂದಾಗ ಆ ವ್ಯವಸ್ಥೆಯನ್ನು ಕಿತ್ತು ಹಾಕಿಸಿದರು. ಎರಡು ವರ್ಷದ ಮೇಲೆ, 1971ರ ಫೆಬ್ರವರಿಯಲ್ಲಿ, ತಮ್ಮದೇ ಒಂದನ್ನು ಹಾಕಿಸಿಕೊಂಡರು. ಯಂತ್ರ, ಗುಂಡಿ, ಕೀಲಿ ಎಂದರೆ ನಿಕ್ಸನ್ ಕೈ ಓಡುತ್ತಿರಲಿಲ್ಲ, ಒತ್ತುವುದನ್ನು ಮರೆಯುತ್ತಾರೆ ಎಂಬ ಕಾರಣಕ್ಕೆ ಹೊಸ ವ್ಯವಸ್ಥೆ ತಾನಾಗಿ ಓಡುವಂತಿತ್ತು. ಇಡೀ ಪ್ರಕರಣದಲ್ಲಿ ಇದಕ್ಕಿಂತ ದುಬಾರಿಯಾದ ತಾಂತ್ರಿಕ ತೀರ್ಮಾನ ಇನ್ನೊಂದಿಲ್ಲ. ಗುಂಡಿ ಇದ್ದವನು ಗುಟ್ಟಿನ ಮಾತಿಗೆ ಮುಂಚೆ ಯಂತ್ರ ನಿಲ್ಲಿಸಬಲ್ಲ. ಇಲ್ಲಿ ಗುಂಡಿಯೇ ಇರಲಿಲ್ಲ, ಹಾಗಾಗಿ ನಿಲ್ಲಿಸುವ ಯೋಚನೆಯೂ ಬರಲಿಲ್ಲ.

ಅಳವಡಿಸಿದವರು ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸಿನ ತಂತ್ರಜ್ಞರು. ಓವಲ್ ಕಚೇರಿಯಲ್ಲಿ ಏಳು ಮೈಕ್ರೊಫೋನು: ಐದು ಅಧ್ಯಕ್ಷರ ಮೇಜಿನಲ್ಲಿ, ಎರಡು ಬೆಂಕಿಗೂಡಿನ ಎರಡು ಬದಿಗೆ. ಸಂಪುಟ ಸಭೆಯ ಕೋಣೆ, ಪಕ್ಕದ ಕಟ್ಟಡದಲ್ಲಿದ್ದ ಅವರ ಇನ್ನೊಂದು ಕಚೇರಿ, ಕೆಲವು ಟೆಲಿಫೋನು, ಮುಂದೆ ಅಧ್ಯಕ್ಷರ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್ ಕೂಡ ಸೇರಿದವು. ಅಧ್ಯಕ್ಷರು ಯಾವ ಕೋಣೆಯಲ್ಲಿದ್ದಾರೆಂದು ತೋರಿಸುವ ಭದ್ರತಾ ದೀಪಫಲಕಕ್ಕೆ ಈ ಯಂತ್ರವನ್ನು ಜೋಡಿಸಿದ್ದರು. ಅವರು ಕೋಣೆಗೆ ಬಂದರೆ ಯಂತ್ರ ಸಿದ್ಧವಾಗುತ್ತಿತ್ತು, ದನಿ ಕೇಳಿದರೆ ಓಡುತ್ತಿತ್ತು. ಸಂಪುಟದ ಕೋಣೆಯದು ಮಾತ್ರ ಕೈಯಿಂದ ಹಾಕುವ ಸ್ವಿಚ್ಚು.

ಸೋನಿ ಟಿಸಿ-800ಬಿ ರೆಕಾರ್ಡರುಗಳು, ತೆಳ್ಳನೆಯ ಟೇಪು. ರೀಲು ಬೇಗ ಮುಗಿಯದಿರಲೆಂದು ವೇಗವನ್ನು ಸೆಕೆಂಡಿಗೆ ಒಂದಿಂಚಿಗೂ ಕಡಿಮೆ ಇಟ್ಟಿದ್ದರು. ಸರಿಯಾಗಿ ಹೇಳಬೇಕೆಂದರೆ 15/16 ಇಂಚು. ಟೇಪು ನಿಧಾನವಾದಷ್ಟೂ ದನಿ ಮಸುಕು. ಜೊತೆಗೆ ಮೇಜಿನಲ್ಲೇ ಮೈಕು ಇದ್ದುದರಿಂದ ಕಾಫಿ ಕಪ್ಪು ಇಟ್ಟ ಸದ್ದು ಸಿಡಿಲಿನಂತೆ, ಎದುರಿಗೆ ಕೂತವರ ಮಾತು ಗೊಣಗಿನಂತೆ. ದನಿ ಕೇಳಿದ ಮೇಲೆ ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಪದದ ತಲೆ ಹಾರಿಹೋಗಿರುತ್ತಿತ್ತು. ಒಂದೇ ವಾಕ್ಯವನ್ನು ಇಬ್ಬರು ಟೈಪಿಸ್ಟುಗಳು ಎರಡು ಬಗೆಯಾಗಿ ಕೇಳಿಸಿಕೊಳ್ಳುವ ಸ್ಥಿತಿ. ಮುಂದೆ ಲಿಪ್ಯಂತರದ ಜಗಳಕ್ಕೆ ಬೀಜ ಬಿದ್ದಿದ್ದು ಇಲ್ಲಿ.

ಒಟ್ಟು 3,700 ಗಂಟೆಗಳಷ್ಟು ಮುದ್ರಣವಾಯಿತು. ಅದರಲ್ಲಿ ನಮಗೆ ಸಂಬಂಧಿಸಿದ್ದೂ ಇದೆ. 1971ರ ನವೆಂಬರ್ 4ರಂದು ಪ್ರಧಾನಿ ಇಂದಿರಾ ಗಾಂಧಿ ಓವಲ್ ಕಚೇರಿಯಲ್ಲಿ ನಿಕ್ಸನ್ ಅವರನ್ನು ಭೇಟಿಯಾದರು. ಮರುದಿನ ಬೆಳಗ್ಗೆ ನಿಕ್ಸನ್ ಮತ್ತು ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಆಕೆಯ ಬಗ್ಗೆಯೂ ಭಾರತೀಯರ ಬಗ್ಗೆಯೂ ಆಡಿದ ಹೊಲಸು ಮಾತು ಇದೇ ಯಂತ್ರದಲ್ಲಿ ಕೂತಿತು. 2005ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೇ ಅದರ ಲಿಪಿ ಪ್ರಕಟಿಸಿದಾಗ ಕಿಸಿಂಜರ್ ವಿಷಾದ ವ್ಯಕ್ತಪಡಿಸಬೇಕಾಯಿತು. ಮಾತಾಡುವಾಗ ಕಿಸಿಂಜರ್‌ಗೆ ಯಂತ್ರದ ಸುದ್ದಿಯೇ ಗೊತ್ತಿರಲಿಲ್ಲ. ಅರ್ಲಿಕ್‌ಮನ್‌ಗೂ ಗೊತ್ತಿರಲಿಲ್ಲ.

ಗುಟ್ಟು ಹೊರಬಿದ್ದ ಬಗೆ ಕುತೂಹಲದ್ದು. 1973ರ ಏಪ್ರಿಲ್ 15ರ ಸಂಜೆ ಡೀನ್ ಜೊತೆ ಮಾತಾಡುತ್ತಿದ್ದಾಗ ನಿಕ್ಸನ್ ಎದ್ದು ಕೋಣೆಯ ಮೂಲೆಗೆ ಹೋಗಿ, ಹಂಟ್‌ಗೆ ಕ್ಷಮಾದಾನದ ವಿಷಯ ಇನ್ನೊಬ್ಬರ ಹತ್ತಿರ ಆಡಿದ್ದು ಪೆದ್ದುತನವಾಯಿತು ಎಂದು ಪಿಸುಗುಟ್ಟಿದರಂತೆ. ನಮ್ಮ ಮಾತು ಮುದ್ರಣವಾಗುತ್ತಿದೆಯೇನೋ ಎಂದು ತನಗಾಗ ಅನಿಸಿತು ಎಂದು ಡೀನ್ ಸೆನೆಟ್ ಸಮಿತಿಗೆ ಹೇಳಿದರು. ಆ ಒಂದು ಸಾಲನ್ನು ಸಮಿತಿಯ ರಿಪಬ್ಲಿಕನ್ ವಕೀಲ ಡೊನಾಲ್ಡ್ ಸ್ಯಾಂಡರ್ಸ್ ನೆನಪಿಟ್ಟುಕೊಂಡಿದ್ದರು. ಜುಲೈ 13ರಂದು ಹಾಲ್ಡಮನ್ ಅವರ ಹಳೆಯ ಸಹಾಯಕ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅವರನ್ನು ಬಾಗಿಲು ಹಾಕಿಕೊಂಡು ಪ್ರಶ್ನಿಸುವಾಗ, ಡೀನ್ ಅನುಮಾನಕ್ಕೆ ಆಧಾರವಿದೆಯೇ ಎಂದು ಕೇಳಿದರು. ಬಟರ್‌ಫೀಲ್ಡ್ ನೇರ ಪ್ರಶ್ನೆಗೆ ಸುಳ್ಳು ಹೇಳಲಿಲ್ಲ. ಜುಲೈ 16ರ ಸೋಮವಾರ ಅದನ್ನೇ ಟಿ.ವಿ. ಮುಂದೆ ಹೇಳಿದರು. ಜುಲೈ 18ಕ್ಕೆ ಯಂತ್ರ ನಿಂತಿತು.

ಸುಡದೆ ಬಿಟ್ಟ ವಾರ

ಜುಲೈ 16ರಿಂದ 23ರ ತನಕ ಟೇಪುಗಳ ಮೇಲೆ ಯಾವ ನ್ಯಾಯಾಲಯದ ಸಮನ್ಸೂ ಇರಲಿಲ್ಲ. ನಿಕ್ಸನ್ ನ್ಯುಮೋನಿಯಾದಿಂದ ಬೆಥೆಸ್ಡಾ ನೌಕಾ ಆಸ್ಪತ್ರೆಯಲ್ಲಿ ಮಲಗಿದ್ದರು. ಸುಟ್ಟುಬಿಡಿ ಎಂದವರಿದ್ದರು. ತನಿಖೆಗೆ ಬೇಕೆಂದು ಗೊತ್ತಿದ್ದೂ ಸುಟ್ಟರೆ ಅದೇ ಒಂದು ಅಪರಾಧವಾಗುತ್ತದೆ ಎಂದ ವಕೀಲರೂ ಇದ್ದರು. ನಿಕ್ಸನ್ ಲೆಕ್ಕ ಬೇರೆ: ಟೇಪು ತಮ್ಮ ಸೊತ್ತು, ಅಧ್ಯಕ್ಷರ ಗೋಪ್ಯತೆಯ ಹಕ್ಕಿನ ಮುಂದೆ ಯಾವ ನ್ಯಾಯಾಲಯವೂ ನಿಲ್ಲದು, ಡೀನ್ ಸುಳ್ಳು ಹೇಳಿದರೆ ಗುರಾಣಿಯಾಗಿಯೂ ಒದಗೀತು. ಜುಲೈ 23ರಂದು ಕಾಕ್ಸ್ ಒಂಬತ್ತು ಮಾತುಕತೆಗಳ ಟೇಪಿಗೆ ಸಮನ್ಸ್ ತಂದರು. ಅಲ್ಲಿಂದಾಚೆಗೆ ಸುಡುವುದೆಂದರೆ ನ್ಯಾಯಾಲಯದ ಕಣ್ಣೆದುರೇ ಸಾಕ್ಷ್ಯ ನಾಶ.

ಕಾಕ್ಸ್ ಸಾವಿರಾರು ಗಂಟೆ ಕೇಳದೆ ಒಂಬತ್ತನ್ನೇ ಕೇಳಿದ್ದರಲ್ಲಿ ವಕೀಲಿ ಜಾಣ್ಮೆಯಿದೆ. ಇಂಥ ದಿನ, ಇಂಥ ಹೊತ್ತು, ಇಂಥವರು ಎಂದು ಡೀನ್ ಸಾಕ್ಷ್ಯಕ್ಕೂ ಶ್ವೇತಭವನದ ಭೇಟಿ ಪುಸ್ತಕಕ್ಕೂ ತಾಳೆಯಾಗುವ ಮಾತುಕತೆ ಮಾತ್ರ. ಸುಮ್ಮನೆ ಬಲೆ ಬೀಸಿದ್ದಾರೆಂದು ತಳ್ಳಿಹಾಕಲು ಎಡೆ ಸಿಗಲಿಲ್ಲ. ಸಿರಿಕಾ ಕೊಡಿ ಎಂದರು. ಅಕ್ಟೋಬರ್ 12ರಂದು ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಹೇಳಿತು. ಶ್ವೇತಭವನ ಸಂಧಾನಕ್ಕೆ ಬಂತು: ಟೇಪು ಬೇಡ, ನಾವು ಸಾರಾಂಶ ಕೊಡುತ್ತೇವೆ, ಸೆನೆಟರ್ ಜಾನ್ ಸ್ಟೆನ್ನಿಸ್ ಕೇಳಿ ತಾಳೆ ನೋಡಲಿ. ಸ್ಟೆನ್ನಿಸ್‌ಗೆ ಕಿವಿ ಮಂದ! ಮಸುಕು ಟೇಪಿಗೆ ಇದಕ್ಕಿಂತ ಅನುಕೂಲದ ಪಂಚ ಸಿಗುತ್ತಿರಲಿಲ್ಲ. ಕಾಕ್ಸ್ ಒಪ್ಪಲಿಲ್ಲ.

ಅಕ್ಟೋಬರ್ 20ರ ಶನಿವಾರ ರಾತ್ರಿ ಕಾಕ್ಸ್ ಅವರನ್ನು ತೆಗೆದುಹಾಕಿ ಎಂಬ ಆಜ್ಞೆ ಹೊರಟಿತು. ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಕಾಕ್ಸ್‌ಗೆ ಸ್ವಾತಂತ್ರ್ಯ ಕೊಡುವುದಾಗಿ ಅವರು ಸೆನೆಟ್ಟಿಗೆ ಮಾತು ಕೊಟ್ಟಿದ್ದರು. ಉಪ ಅಟಾರ್ನಿ ಜನರಲ್ ವಿಲಿಯಂ ರಕಲ್ಸ್‌ಹೌಸ್ ಕೂಡ ಒಪ್ಪದೆ ಹೊರನಡೆದರು. ಮೂರನೆಯವರಾದ ಸಾಲಿಸಿಟರ್ ಜನರಲ್ ರಾಬರ್ಟ್ ಬೋರ್ಕ್ ಸಹಿ ಹಾಕಿದರು. ರಾಜಧಾನಿಗೆ ಲಕ್ಷಗಟ್ಟಲೆ ಟೆಲಿಗ್ರಾಂ ಬಂದವು. ಮೂರೇ ದಿನದಲ್ಲಿ ನಿಕ್ಸನ್ ಟೇಪು ಕೊಡಲು ಒಪ್ಪಿದರು. ಅಧ್ಯಕ್ಷರನ್ನು ತೆಗೆದುಹಾಕುವ ವಾಗ್ದಂಡನೆಯ ಮಾತು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಗಂಭೀರವಾಗಿದ್ದು ಈ ವಾರದಿಂದ. ಹೊಸ ಪ್ರಾಸಿಕ್ಯೂಟರ್ ಲಿಯಾನ್ ಜವೋರ್ಸ್ಕಿ ಕಾಕ್ಸ್ ಬಿಟ್ಟಲ್ಲಿಂದಲೇ ಎತ್ತಿಕೊಂಡರು.

ಹದಿನೆಂಟೂವರೆ ನಿಮಿಷ

ಒಪ್ಪಿದ ಮೇಲೆ ಒಂಬತ್ತರಲ್ಲಿ ಎರಡು ಇಲ್ಲವೇ ಇಲ್ಲ ಎಂಬ ಸುದ್ದಿ ಬಂತು. ಒಂದು ಯಂತ್ರಕ್ಕೆ ಜೋಡಿಸದ ಫೋನಿನದು. ಇನ್ನೊಂದು, ಭಾನುವಾರ ರೀಲು ಮುಗಿದುಹೋಗಿತ್ತು ಎಂಬ ವಿವರಣೆ. ನವೆಂಬರ್ 21ರಂದು ಇನ್ನೊಂದು ಹೊರಬಿತ್ತು. 1972ರ ಜೂನ್ 20ರಂದು, ಅಂದರೆ ಬಂಧನವಾದ ಮೂರನೇ ದಿನ, ನಿಕ್ಸನ್ ಮತ್ತು ಹಾಲ್ಡಮನ್ ಆಡಿದ ಮಾತಿನ ನಡುವೆ ಹದಿನೆಂಟೂವರೆ ನಿಮಿಷ ಬರೀ ಗುಂಯ್‌ಗುಡುವ ಸದ್ದು. ಆ ಸಭೆಯ ಹಾಲ್ಡಮನ್ ಟಿಪ್ಪಣಿ ಉಳಿದಿತ್ತು. ಅದರಲ್ಲಿ ವಾಟರ್‌ಗೇಟ್ ಬಗ್ಗೆ ಪ್ರತಿದಾಳಿ ಏನು, ಪ್ರಚಾರದಲ್ಲಿ ಇದನ್ನು ಮೀರಿಸುವುದು ಹೇಗೆ ಎಂಬ ಸಾಲುಗಳಿದ್ದವು.

ನಿಕ್ಸನ್ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಹೇಳಿದ್ದು ಹೀಗೆ: ಅಕ್ಟೋಬರ್ 1ರಂದು ಊಹರ್ 5000 ಯಂತ್ರದಲ್ಲಿ ಟೇಪು ಹಾಕಿಕೊಂಡು ಟೈಪು ಮಾಡುತ್ತಿದ್ದೆ, ಫೋನು ಬಂತು, ನಿಲ್ಲಿಸುವ ಗುಂಡಿಯ ಬದಲು ರೆಕಾರ್ಡ್ ಗುಂಡಿ ಒತ್ತಿರಬೇಕು, ಕಾಲು ಪೆಡಲಿನ ಮೇಲೇ ಇತ್ತು. ಅದೂ ಐದು ನಿಮಿಷದ ಆಸುಪಾಸು ಮಾತ್ರ. ಅವರ ಕಚೇರಿಯಲ್ಲೇ ತೆಗೆದ ಫೋಟೊದಲ್ಲಿ ಒಂದು ಕಾಲು ಪೆಡಲ್ ಮೇಲಿಟ್ಟು, ಮೈ ಹಿಂದಕ್ಕೆ ಚಾಚಿ, ಮೇಜಿನ ಆಚೆ ತುದಿಯ ಫೋನಿಗೆ ಕೈ ನೀಡಿದ ಭಂಗಿ ನೋಡಿದವರಿಗೆ, ಐದು ನಿಮಿಷ ಹಾಗೆ ಇರಬಹುದೆಂದು ನಂಬುವುದು ಕಷ್ಟವಾಯಿತು.

ಆರು ತಜ್ಞರ ತಂಡ ನೇಮಕವಾಯಿತು. ಅವರ ಕ್ರಮ ಇಂದಿಗೂ ಧ್ವನಿಪರೀಕ್ಷೆಯ ಪಾಠದಂತಿದೆ. ರೆಕಾರ್ಡ್ ಗುಂಡಿ ಒತ್ತಿದಾಗಲೂ ಬಿಟ್ಟಾಗಲೂ ಯಂತ್ರದ ಅಳಿಸುವ ತಲೆ ಮತ್ತು ಬರೆಯುವ ತಲೆ ಟೇಪಿನ ಮೇಲೆ ಕಾಂತೀಯ ಗೀರು ಬಿಡುತ್ತವೆ. ಕಬ್ಬಿಣದ ನವಿರು ಕಣಗಳಿರುವ ದ್ರವ ಹಚ್ಚಿದರೆ ಆ ಗೀರು ಕಣ್ಣಿಗೇ ಕಾಣುತ್ತದೆ. ಎರಡು ತಲೆಗಳ ನಡುವಿನ ಅಂತರ ಯಂತ್ರದಿಂದ ಯಂತ್ರಕ್ಕೆ ಬೇರೆ. ಗೀರುಗಳ ಅಂತರ ಅಳೆದರೆ ಯಾವ ಮಾದರಿಯ ಯಂತ್ರವೆಂದು ಗೊತ್ತಾಗುತ್ತದೆ. ಅಳತೆ ಊಹರ್ 5000ಕ್ಕೆ ಕೂಡಿಬಂತು. ಗೀರುಗಳು ಒಂದು ಜೊತೆಯಲ್ಲ, ಹಲವು. 1974ರ ಜನವರಿಯಲ್ಲಿ ತಂಡ ಹೇಳಿತು: ಅಳಿಸುವುದು ಕನಿಷ್ಠ ಐದು, ಬಹುಶಃ ಒಂಬತ್ತು ಬಾರಿ ಬಿಡಿಬಿಡಿಯಾಗಿ ನಡೆದಿದೆ. ಪೆಡಲು ಒತ್ತಿ ಬಿಟ್ಟರೆ ಈ ಗುರುತು ಬೀಳದು. ಕೈಯಿಂದಲೇ ಗುಂಡಿ ಒತ್ತಬೇಕು. ಒಮ್ಮೆ ಕೈತಪ್ಪುವುದು ಬೇರೆ, ಐದು ಸಲ ಕೈತಪ್ಪುವುದು ಬೇರೆ.

ಯಾರ ಕೈ ಎಂಬುದು ನ್ಯಾಯಾಲಯದಲ್ಲಿ ಕೊನೆಗೂ ಸಾಬೀತಾಗಲಿಲ್ಲ. ಈ ಅಂತರಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಆದರೂ ಹಾನಿ ಆಗಿಹೋಗಿತ್ತು. ಅಲ್ಲಿಯತನಕ ‘ಗೋಪ್ಯತೆಯ ತತ್ವಕ್ಕಾಗಿ ಹೋರಾಟ’ ಎನ್ನುತ್ತಿದ್ದ ವಾದವನ್ನು ಇನ್ನು ಯಾರೂ ಮುಖಬೆಲೆಗೆ ತೆಗೆದುಕೊಳ್ಳಲಿಲ್ಲ.

ಲಿಪ್ಯಂತರದ ಎಡವಟ್ಟು

1974ರ ಮಾರ್ಚ್ 1ರಂದು ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಲು ಆಧಾರವಿದೆಯೇ ಎಂದು ನೋಡುವ ನಾಗರಿಕರ ಮಂಡಳಿ), ಮಾಜಿ ಅಟಾರ್ನಿ ಜನರಲ್ ಜಾನ್ ಮಿಚೆಲ್, ಹಾಲ್ಡಮನ್, ಅರ್ಲಿಕ್‌ಮನ್ ಸೇರಿ ಏಳು ಜನರ ಮೇಲೆ ದೋಷಾರೋಪ ಹೊರಿಸಿತು. ನಿಕ್ಸನ್ ಹೆಸರನ್ನು ‘ದೋಷಾರೋಪವಿಲ್ಲದ ಸಹಸಂಚುಗಾರ’ ಎಂದು ಗುಟ್ಟಾಗಿ ಸೇರಿಸಿತು. ಆ ಮೊಕದ್ದಮೆಗಾಗಿ ಜವೋರ್ಸ್ಕಿ ಇನ್ನೂ 64 ಟೇಪು ಕೇಳಿದರು. ಅತ್ತ ಪ್ರತಿನಿಧಿ ಸಭೆಯ ನ್ಯಾಯ ಸಮಿತಿಯೂ ಕೇಳುತ್ತಿತ್ತು. ನಿಕ್ಸನ್ ಏಪ್ರಿಲ್ ಕೊನೆಯಲ್ಲಿ ಟೇಪಿನ ಬದಲು 1,200ಕ್ಕೂ ಹೆಚ್ಚು ಪುಟದ ತಿದ್ದಿದ ಲಿಪಿ ಬಿಡುಗಡೆ ಮಾಡಿದರು.

ಎರಡು ರೀತಿಯಲ್ಲಿ ಅದು ಮುಳುವಾಯಿತು. ಪುಟಪುಟದಲ್ಲೂ ‘ಬೈಗುಳ ತೆಗೆದಿದೆ’ ಎಂಬ ಆವರಣ. ಬೈಗುಳ ಸೌಮ್ಯವೇ ಇದ್ದಿರಬಹುದು, ಓದುವವರು ತಮಗೆ ಗೊತ್ತಿದ್ದ ಅತಿ ಕೆಟ್ಟದ್ದನ್ನೇ ಅಲ್ಲಿ ತುಂಬಿಕೊಂಡರು. ನಿಕ್ಸನ್ ಪರ ನಿಂತಿದ್ದ ಪತ್ರಿಕೆಗಳೂ ಮುಖ ತಿರುಗಿಸಿದವು. ಎರಡನೆಯದು, ಕೆಲವು ಟೇಪುಗಳು ಆಗಲೇ ನ್ಯಾಯ ಸಮಿತಿಯ ಕೈಲಿದ್ದವು. ಅದರ ಸಿಬ್ಬಂದಿ ಒಳ್ಳೆಯ ಯಂತ್ರದಲ್ಲಿ ಕೇಳಿ ತಮ್ಮದೇ ಲಿಪಿ ಸಿದ್ಧಪಡಿಸಿ ಜುಲೈನಲ್ಲಿ ಪ್ರಕಟಿಸಿದರು. 1973ರ ಮಾರ್ಚ್ 22ರ ಸಂಭಾಷಣೆಯಲ್ಲಿ, ಗೋಡೆಯಂತೆ ನಿಲ್ಲಿ, ಮೌನದ ಹಕ್ಕು ಹೇಳಿಕೊಳ್ಳಿ, ಮುಚ್ಚಿಹಾಕಿ, ಏನಾದರೂ ಮಾಡಿ ಎಂಬರ್ಥದ ನಿಕ್ಸನ್ ಮಾತು ಸಮಿತಿಯ ಲಿಪಿಯಲ್ಲಿತ್ತು. ಶ್ವೇತಭವನದ ಲಿಪಿಯಲ್ಲಿ ನಾಪತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಅವಕಾಶ ಜನರಿಗೆ ಸಿಕ್ಕಿತು.

ಮೇ ತಿಂಗಳಲ್ಲಿ ಜವೋರ್ಸ್ಕಿ ಒಂದು ದಾರಿ ತೋರಿಸಿದ್ದರು. 64ರ ಬದಲು 18 ಟೇಪು ಕೊಡಿ, ಸಹಸಂಚುಗಾರ ಎಂದು ಹೆಸರಿಸಿದ್ದನ್ನು ಸದ್ಯಕ್ಕೆ ಹೊರಹಾಕುವುದಿಲ್ಲ. ನಿಕ್ಸನ್ ಒಬ್ಬರೇ ಕುಳಿತು ಕೇಳಿದರು. 1972ರ ಜೂನ್ 23ರದು ಅದರಲ್ಲಿತ್ತು. ರಾಜಿ ಬೇಡ ಎಂದರು. ಅದರಲ್ಲಿ ಏನಿದೆಯೆಂದು ತಮ್ಮ ವಕೀಲ ಜೇಮ್ಸ್ ಸೇಂಟ್ ಕ್ಲೇರ್ ಅವರಿಗೂ ಹೇಳಲಿಲ್ಲ. ಕಕ್ಷಿದಾರ ವಕೀಲರಿಂದಲೇ ಮುಚ್ಚಿಟ್ಟರೆ ವಾದ ಎಷ್ಟು ಚೆಂದವಿದ್ದರೂ ಮರಳಿನ ಮೇಲೆ ಕಟ್ಟಿದ್ದು.

ಕೊನೆಯ ಹದಿನೇಳು ದಿನ

ಜುಲೈ 24ರಂದು ಸುಪ್ರೀಂ ಕೋರ್ಟು 8-0ರಿಂದ ತೀರ್ಪು ಕೊಟ್ಟಿತು. ಮಿಚೆಲ್ ಕೈಕೆಳಗೆ ಕೆಲಸ ಮಾಡಿದ್ದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಹೊರಗುಳಿದಿದ್ದರು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ನಿಕ್ಸನ್ನೇ ನೇಮಿಸಿದವರು. ಅಧ್ಯಕ್ಷರಿಗೆ ಗೋಪ್ಯತೆಯ ಹಕ್ಕೇ ಇಲ್ಲ ಎಂದು ಕೋರ್ಟು ಹೇಳಲಿಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಹಕ್ಕಿದೆ, ಸಂವಿಧಾನದಲ್ಲೇ ಅದರ ಬೇರಿದೆ ಎಂದು ಮೊದಲ ಬಾರಿಗೆ ಹೇಳಿದ್ದೇ ಈ ತೀರ್ಪು. ಆದರೆ ಸೇನೆ, ರಾಜತಾಂತ್ರಿಕತೆಯಂಥ ಗುಟ್ಟಿನ ಹೆಸರು ಹೇಳದೆ ಬರೀ ‘ಗೋಪ್ಯ’ ಎಂದರೆ, ಕ್ರಿಮಿನಲ್ ಮೊಕದ್ದಮೆಗೆ ಬೇಕಾದ ನಿರ್ದಿಷ್ಟ ಸಾಕ್ಷ್ಯದ ಮುಂದೆ ಆ ಹಕ್ಕು ನಿಲ್ಲದು. ಜವೋರ್ಸ್ಕಿ ನಮ್ಮದೇ ಸರ್ಕಾರದ ನೌಕರ, ಇದು ಮನೆಯೊಳಗಿನ ಜಗಳ ಎಂಬ ವಾದವೂ ಬಿದ್ದುಹೋಯಿತು: ಪ್ರಾಸಿಕ್ಯೂಟರಿಗೆ ಅಧಿಕಾರ ಕೊಟ್ಟ ನಿಯಮ ಜಾರಿಯಲ್ಲಿರುವ ತನಕ ಸರ್ಕಾರವೂ ಅದಕ್ಕೆ ಬದ್ಧ.

ಅದೇ ಸಂಜೆ 38 ಸದಸ್ಯರ ನ್ಯಾಯ ಸಮಿತಿ ಟಿ.ವಿ. ಮುಂದೆ ಚರ್ಚೆಗೆ ಕೂತಿತು. ಜುಲೈ 27ರಂದು ನ್ಯಾಯಕ್ಕೆ ಅಡ್ಡಿಯ ಆರೋಪ 27-11ರಿಂದ, 29ರಂದು ಅಧಿಕಾರ ದುರುಪಯೋಗ 28-10ರಿಂದ, 30ರಂದು ಸಮನ್ಸ್ ಧಿಕ್ಕಾರ 21-17ರಿಂದ ಅಂಗೀಕಾರವಾದವು. ಕಾಂಬೋಡಿಯಾ ಮೇಲಿನ ಗುಟ್ಟಿನ ಬಾಂಬು ದಾಳಿ, ತೆರಿಗೆ ವಂಚನೆ ಎಂಬ ಇನ್ನೆರಡು ಬಿದ್ದುಹೋದವು.

ನಮ್ಮಲ್ಲಿ ಪ್ರಧಾನಿಯನ್ನು ಇಳಿಸಲು ಲೋಕಸಭೆಯಲ್ಲಿ ಅವಿಶ್ವಾಸದ ಸರಳ ಬಹುಮತ ಸಾಕು, ಕಾರಣವೂ ಬೇಕಿಲ್ಲ. ಅಲ್ಲಿ ಪ್ರತಿನಿಧಿ ಸಭೆಯ ಬಹುಮತ ಆರೋಪಪಟ್ಟಿ ಹೊರಿಸುವುದಕ್ಕಷ್ಟೇ. ತೆಗೆದುಹಾಕಲು ಸೆನೆಟ್ಟಿನ ಮೂರನೇ ಎರಡು ಪಾಲು, ನೂರರಲ್ಲಿ 67 ಮತ. ಅಂದರೆ 34 ಸೆನೆಟರುಗಳು ಜೊತೆಗಿದ್ದರೆ ಅಧ್ಯಕ್ಷ ಬಚಾವು. ಜುಲೈ ಮುಗಿದಾಗಲೂ ಆ 34 ಅಸಾಧ್ಯದ ಸಂಖ್ಯೆಯಾಗಿರಲಿಲ್ಲ. ಸಮಿತಿಯಲ್ಲಿ ನಿಕ್ಸನ್ ಪರ ಕೊನೆತನಕ ವಾದಿಸಿದವರು ಕೇಳುತ್ತಿದ್ದುದು ಒಂದೇ: ಅಧ್ಯಕ್ಷರ ಕೈವಾಡಕ್ಕೆ ನೇರ ಸಾಕ್ಷಿ ಎಲ್ಲಿ?

ಆಗಸ್ಟ್ 5ರಂದು ಜೂನ್ 23ರ ಲಿಪಿ ಹೊರಬಂತು. ಸಮಿತಿಯಲ್ಲಿ ಎಲ್ಲ ಆರೋಪಕ್ಕೂ ವಿರುದ್ಧ ಮತ ಹಾಕಿದ್ದ ರಿಪಬ್ಲಿಕನ್ನರೂ ನ್ಯಾಯಕ್ಕೆ ಅಡ್ಡಿಯ ಆರೋಪಕ್ಕೆ ತಮ್ಮ ಬೆಂಬಲ ಘೋಷಿಸಿದರು. ಆಗಸ್ಟ್ 7ರಂದು ರಿಪಬ್ಲಿಕನ್ ನಾಯಕರಾದ ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಶ್ವೇತಭವನಕ್ಕೆ ಬಂದು ಲೆಕ್ಕ ಒಪ್ಪಿಸಿದರು. ರಾಜೀನಾಮೆ ಕೊಡಿ ಎಂದು ಅವರು ಹೇಳಲಿಲ್ಲ. ಸೆನೆಟ್ಟಿನಲ್ಲಿ ಉಳಿದಿರುವುದು ಹದಿನೈದರ ಆಸುಪಾಸು ಮತ ಎಂದರು. ಹೋರಾಡಿ ಸೋತು ತೆಗೆದುಹಾಕಿಸಿಕೊಂಡರೆ ಮಾಜಿ ಅಧ್ಯಕ್ಷರ ಪಿಂಚಣಿ, ಆಗಿನ ಲೆಕ್ಕದಲ್ಲಿ ವರ್ಷಕ್ಕೆ 60,000 ಡಾಲರು, ಹಾಗೂ ಕಚೇರಿ ಸೌಲಭ್ಯ ಕೈತಪ್ಪುತ್ತಿತ್ತು. ತಾವಾಗಿ ಇಳಿದರೆ ಉಳಿಯುತ್ತಿತ್ತು.

ಆಗಸ್ಟ್ 8ರ ರಾತ್ರಿ 9ಕ್ಕೆ ನಿಕ್ಸನ್ ಟಿ.ವಿ.ಯಲ್ಲಿ ಮಾತಾಡಿದರು. ಕಾಂಗ್ರೆಸ್ಸಿನಲ್ಲಿ ರಾಜಕೀಯ ಬಲ ಉಳಿದಿಲ್ಲ ಎಂದರು, ಅಪರಾಧ ಒಪ್ಪಿಕೊಳ್ಳಲಿಲ್ಲ. ಮರುದಿನದ ರಾಜೀನಾಮೆ ಪತ್ರದಲ್ಲಿದ್ದದ್ದು ಒಂದೇ ವಾಕ್ಯ. ಅಧ್ಯಕ್ಷರ ರಾಜೀನಾಮೆ ವಿದೇಶಾಂಗ ಕಾರ್ಯದರ್ಶಿಗೆ ಸಲ್ಲಬೇಕೆಂಬುದು ಹಳೆಯ ಕಾನೂನು. ಹಾಗಾಗಿ ಅದು ಕಿಸಿಂಜರ್ ಹೆಸರಿಗಿತ್ತು. 11:35ಕ್ಕೆ ತಲುಪಿತೆಂದು ಅವರು ಮೂಲೆಯಲ್ಲಿ ಸಹಿಯ ಅಕ್ಷರ ಹಾಕಿದರು. ಉಪಾಧ್ಯಕ್ಷ ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ನಿಕ್ಸನ್ ಕ್ಯಾಲಿಫೋರ್ನಿಯಾ ದಾರಿಯಲ್ಲಿ ಮಿಸೌರಿಯ ಮೇಲೆ ಹಾರುತ್ತಿದ್ದರು. ಏರ್ ಫೋರ್ಸ್ ಒನ್ ಎಂಬುದು ವಿಮಾನದ ಹೆಸರಲ್ಲ, ಅಧ್ಯಕ್ಷರು ಒಳಗಿರುವ ವಾಯುಪಡೆ ವಿಮಾನದ ಕರೆಸಂಕೇತ. ಪೈಲಟ್ ನೆಲದ ನಿಯಂತ್ರಕರಿಗೆ ರೇಡಿಯೋ ಮಾಡಿ ತಮ್ಮ ಸಂಕೇತವನ್ನು ಎಸ್‌ಎಎಂ 27000 ಎಂದು ಬದಲಿಸಿಕೊಂಡರು.

ಟೇಪು ಯಾರದು?

ಸೆಪ್ಟೆಂಬರ್ 8ರಂದು ಫೋರ್ಡ್ ಪೂರ್ಣ ಕ್ಷಮಾದಾನ ಕೊಟ್ಟರು. ಅದು ಅಧ್ಯಕ್ಷರಾಗಿದ್ದ ಇಡೀ ಅವಧಿಗೆ, 1969ರ ಜನವರಿ 20ರಿಂದ 1974ರ ಆಗಸ್ಟ್ 9ರವರೆಗೆ, ಅನ್ವಯಿಸಿತು. ಮಿಚೆಲ್, ಹಾಲ್ಡಮನ್, ಅರ್ಲಿಕ್‌ಮನ್‌ಗೆ ಅಂಥ ಅದೃಷ್ಟವಿರಲಿಲ್ಲ; 1975ರ ಹೊಸವರ್ಷದ ದಿನ ಅವರು ದೋಷಿಗಳೆಂದು ತೀರ್ಪಾಗಿ ಮೂವರೂ ಜೈಲು ಕಂಡರು. ಅವರ ವಿರುದ್ಧದ ಮುಖ್ಯ ಸಾಕ್ಷ್ಯವಾಗಿ ಜ್ಯೂರಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿದ್ದು ಆ ಟೇಪುಗಳನ್ನೇ.

ಕ್ಷಮಾದಾನದ ಜೊತೆಜೊತೆಗೇ ಒಂದು ಒಪ್ಪಂದವೂ ಆಗಿತ್ತು. ಕಾಗದಪತ್ರ, ಟೇಪು ನಿಕ್ಸನ್ ಹತೋಟಿಯಲ್ಲಿರುತ್ತವೆ, ಟೇಪುಗಳು ಕಾಲಕ್ರಮದಲ್ಲಿ ನಾಶವಾಗುತ್ತವೆ ಎಂದು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕಾಲದಿಂದಲೂ ಅಧ್ಯಕ್ಷರು ಕಾಗದಗಳನ್ನು ಸ್ವಂತ ಸೊತ್ತೆಂದೇ ಮನೆಗೆ ಒಯ್ಯುತ್ತಿದ್ದರು, ಹಾಗಾಗಿ ಅದರಲ್ಲಿ ಅಸಹಜವೇನೂ ಇರಲಿಲ್ಲ. ಕಾಂಗ್ರೆಸ್ ಡಿಸೆಂಬರಿನಲ್ಲೇ ಕಾಯ್ದೆ ತಂದು ನಿಕ್ಸನ್ ದಾಖಲೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು 7-2ರಿಂದ ಎತ್ತಿಹಿಡಿಯಿತು. 1978ರ ಕಾಯ್ದೆ ಮುಂದಿನ ಎಲ್ಲ ಅಧ್ಯಕ್ಷರ ಅಧಿಕೃತ ಕಾಗದವನ್ನೂ ದೇಶದ ಸೊತ್ತಾಗಿಸಿತು. ನಿಕ್ಸನ್ 1994ರಲ್ಲಿ ತೀರಿಕೊಳ್ಳುವ ತನಕ ಟೇಪು ಬಿಡುಗಡೆಯನ್ನು ಕೋರ್ಟುಗಳಲ್ಲಿ ತಡೆಯುತ್ತಲೇ ಇದ್ದರು. ಬಿಡುಗಡೆಯ ಕಂತುಗಳು 2013ರ ತನಕ ನಡೆದವು.

ಜೂನ್ 20ರ ರೀಲಿಗೆ ದಾಖಲಾತಿಯಲ್ಲಿ 342 ಎಂಬ ಸಂಖ್ಯೆ. ಹೊಸ ತಂತ್ರಜ್ಞಾನದಿಂದ ಅಳಿಸಿದ ಮಾತು ಮೇಲೆತ್ತಬಹುದೇ ಎಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2001ರಲ್ಲಿ ಹೊಸ ಪರೀಕ್ಷೆ ಶುರುಮಾಡಿತು. ಮೂಲ ಟೇಪನ್ನು ಮುಟ್ಟಿಸಲಿಲ್ಲ. ಅದೇ ಬಗೆಯ ಯಂತ್ರಗಳಲ್ಲಿ ಬೇಕೆಂದೇ ಮುದ್ರಿಸಿ ಅಳಿಸಿದ ಮಾದರಿ ಟೇಪುಗಳನ್ನು ತಜ್ಞರಿಗೆ ಕೊಟ್ಟು, ಇದರಿಂದ ಮಾತು ಹೊರಡಿಸಿ ತೋರಿಸಿ, ಆಮೇಲೆ ನಿಜವಾದ್ದನ್ನು ಕೊಡುತ್ತೇವೆ ಎಂದಿತು. ಯಾರಿಂದಲೂ ಆಗಲಿಲ್ಲ. 2003ರಲ್ಲಿ ಪ್ರಯತ್ನ ಕೈಬಿಟ್ಟು, ಮುಂದೆಂದಾದರೂ ಬೇಕಾದೀತೆಂದು ರೀಲನ್ನು ಉಷ್ಣತೆ, ತೇವ ನಿಯಂತ್ರಿಸಿದ ಕೋಣೆಯಲ್ಲಿ ಉಳಿಸಿಕೊಂಡಿದೆ.